ಮುರ್ಸಿಯಾದ ಸ್ಥಾನ, ಗ್ರನಾಡಾದ ಹೆಸರು: ಭಾರತೀಯ ಫುಟ್‌ಬಾಲ್ ಆಡಳಿತಗಾರರಿಗೆ ಒಂದು ಬಹಿರಂಗ ಪತ್ರ

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಪದಾಧಿಕಾರಿಗಳಿಗೆ, ರಾಷ್ಟ್ರೀಯ ಲೀಗ್‌ಗಳಲ್ಲಿ ಆಡುವ ಕ್ಲಬ್‌ಗಳ ಮಾಲೀಕರಿಗೆ ಹಾಗೂ ಕನ್ನಡದ ಫುಟ್‌ಬಾಲ್ ಅಭಿಮಾನಿಗಳಿಗೆ,

ವಿಷಯ: ಲೀಗ್‌ನಲ್ಲಿ ಒಂದು ಊರಿನ ತಂಡಕ್ಕಿರುವ ಸ್ಥಾನವನ್ನು ಮತ್ತೊಂದು ಊರಿಗೆ ಒಯ್ಯುವ ಪದ್ಧತಿಯ ಕುರಿತು.

ಮಾನ್ಯರೇ,

2022ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಟ್ರೋಫಿ ಎತ್ತಿದ ಹೈದರಾಬಾದ್ ಎಫ್‌ಸಿ, 2025ರಲ್ಲಿ ದೆಹಲಿಗೆ ಸ್ಥಳಾಂತರಗೊಂಡು ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂಬ ಹೊಸ ಹೆಸರು ಪಡೆಯಿತು. ಅದೇ ಹೈದರಾಬಾದ್ ತಂಡ ಹುಟ್ಟಿದ್ದು 2019ರಲ್ಲಿ, ಮುಚ್ಚಿಹೋದ ಪುಣೆ ಸಿಟಿ ತಂಡದ ಜಾಗದಲ್ಲಿ. ಅದೇ ವರ್ಷ ದೆಹಲಿಯ ಡೈನಮೋಸ್ ತಂಡ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು. ಹೀಗೆ ಪುಣೆಯ ಸ್ಥಾನ ಹೈದರಾಬಾದಿಗೆ, ದೆಹಲಿಯ ಸ್ಥಾನ ಭುವನೇಶ್ವರಕ್ಕೆ, ಕೊನೆಗೆ ಹೈದರಾಬಾದಿನ ಸ್ಥಾನ ದೆಹಲಿಗೆ ಸಂದಾಯವಾದ ಈ ಸುತ್ತಾಟದಲ್ಲಿ ಯಾವ ಊರಿನ ಪ್ರೇಕ್ಷಕನ ಒಪ್ಪಿಗೆಯೂ ನಿಯಮದ ಪ್ರಕಾರ ಬೇಕಾಗಿರಲಿಲ್ಲ ಎಂಬುದನ್ನು ತಾವು ಬಲ್ಲಿರಿ. ಇಂಥದೇ ಒಂದು ವ್ಯವಹಾರ ಸ್ಪೇನ್‌ನಲ್ಲಿ 2007ರ ಬೇಸಿಗೆಯಲ್ಲಿ ನಡೆದು, ಒಂದು ಕ್ಲಬ್ಬನ್ನು ಸಂಪೂರ್ಣ ಅಳಿಸಿಹಾಕಿತು. ನಮ್ಮ ತಂಡಗಳಿಗೆ ತರಬೇತುದಾರರನ್ನೂ ಆಟಗಾರರನ್ನೂ ಆ ದೇಶದಿಂದ ಧಾರಾಳವಾಗಿ ತರಿಸಿಕೊಂಡಿದ್ದೇವೆ. ಬೆಂಗಳೂರು ಎಫ್‌ಸಿಯನ್ನು ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ 2016ರ ಫೈನಲ್‌ಗೆ ಒಯ್ದ ಆಲ್ಬರ್ಟ್ ರೋಕಾ, 2018-19ರ ಸೂಪರ್ ಲೀಗ್ ಗೆಲ್ಲಿಸಿದ ಕಾರ್ಲೆಸ್ ಕ್ವಾದ್ರಾತ್, ಹೈದರಾಬಾದಿಗೆ ಆ ಟ್ರೋಫಿ ತಂದುಕೊಟ್ಟ ಮನೋಲೊ ಮಾರ್ಕೆಸ್, ಮೂವರೂ ಅಲ್ಲಿಯವರೇ. ಅಲ್ಲಿಯ ಆಟವನ್ನು ಎರವಲು ತಂದವರು ಅಲ್ಲಿಯ ಆಡಳಿತದ ಅನುಭವವನ್ನೂ ತಿಳಿದಿರಬೇಕು ಎಂಬ ಕಾರಣದಿಂದ, ಸಿಯುದಾದ್ ಡಿ ಮುರ್ಸಿಯಾ ಎಂಬ ಆ ಕ್ಲಬ್ಬಿನ ಚರಿತ್ರೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

ಮುರ್ಸಿಯಾ ಸ್ಪೇನ್‌ನ ಆಗ್ನೇಯ ಭಾಗದಲ್ಲಿ ಸೆಗೂರಾ ನದಿಯ ದಂಡೆಯ ಮೇಲಿರುವ ಊರು. ಅಲ್ಲಿ ಫುಟ್‌ಬಾಲ್ ಎಂದರೆ ರಿಯಲ್ ಮುರ್ಸಿಯಾ ಎಂದೇ ಜನ ತಿಳಿದಿದ್ದರು. ಅದರ ಅಂಗಳ ಲಾ ಕೊಂಡೊಮಿನಾ 1924ರಷ್ಟು ಹಳೆಯದು. ಆ ಊರಿನವರೇ ಆದ, ವೃತ್ತಿಪರ ಫುಟ್‌ಬಾಲ್ ಆಡಿ ನಿವೃತ್ತರಾಗಿದ್ದ ಕಿಕೆ ಪಿನಾ ಎಂಬುವರು 1999ರಲ್ಲಿ ಸಿಯುದಾದ್ ಡಿ ಮುರ್ಸಿಯಾ ಕ್ಲಬ್ ಕಟ್ಟಿದರು. ಹಳೆಯ ಕ್ಲಬ್ಬುಗಳ ಹಾಗೆ ಇದು ಕಾರ್ಮಿಕರ ಕೇರಿಯಿಂದಲೋ ವಿದ್ಯಾರ್ಥಿಗಳ ಕೂಟದಿಂದಲೋ ಹುಟ್ಟಿದ್ದಲ್ಲ. ಆಟಗಾರರನ್ನು ಆರಿಸುವುದರಲ್ಲಿ, ಬೆಳೆಸಿ ಮಾರುವುದರಲ್ಲಿ ಚುರುಕಾಗಿದ್ದ ಒಬ್ಬ ವ್ಯಕ್ತಿಯ ಯೋಜನೆ ಅದು. ಹಾಗೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಸ್ಪೇನ್‌ನ ಲೀಗ್ ಮೆಟ್ಟಿಲಿನಲ್ಲಿ ಕೆಳಗಿನಿಂದ ಹೊರಟ ತಂಡವೊಂದು ನಾಲ್ಕೇ ವರ್ಷಗಳಲ್ಲಿ, 2003ರ ಹೊತ್ತಿಗೆ, ದೇಶದ ಎರಡನೇ ದರ್ಜೆಯಾದ ಸೆಗುಂದಾ ಡಿವಿಷನ್ ಮುಟ್ಟಬೇಕಾದರೆ ಹಣವೊಂದೇ ಸಾಲದು.

ಅದೇ 2003ರಲ್ಲಿ ರಿಯಲ್ ಮುರ್ಸಿಯಾ ಮೊದಲ ದರ್ಜೆಗೆ ಬಡ್ತಿ ಪಡೆಯಿತು. ಹೀಗಾಗಿ ಹೊಸ ತಂಡದ ಅತಿ ದೊಡ್ಡ ಸಾಧನೆ ಊರಿನ ಇನ್ನೊಂದು ಸಂಭ್ರಮದ ಅಡಿಯಲ್ಲಿ ಮುಚ್ಚಿಹೋಯಿತು. ಅಂಗಳ ಒಂದೇ, ಊರು ಒಂದೇ, ಆದರೆ ಒಬ್ಬರ ಎದುರಾಳಿ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ, ಇನ್ನೊಬ್ಬರ ಎದುರಾಳಿ ಸಣ್ಣ ಪಟ್ಟಣಗಳ ತಂಡಗಳು. ಇಂಥ ಊರಿನಲ್ಲಿ ಎರಡನೇ ತಂಡವನ್ನು ಬೆಂಬಲಿಸುವವರು ಎಷ್ಟು ಮಂದಿ ಇದ್ದಾರು? ಹೆಚ್ಚಿರಲಿಲ್ಲ. ಈ ಸಂಗತಿಯನ್ನು ನಾನು ಬಚ್ಚಿಡುವುದಿಲ್ಲ, ಏಕೆಂದರೆ ಮುಂದೆ ನಡೆದುದಕ್ಕೆ ಇದನ್ನೇ ಸಮರ್ಥನೆಯಾಗಿ ಬಳಸಲಾಯಿತು.

ಆದರೆ ಅಂಗಳದಲ್ಲಿ ಆ ತಂಡ ಮಾಡಿದ ಕೆಲಸ ಕಡಿಮೆಯದಲ್ಲ. 2003-04ರ ಋತುವಿನಲ್ಲಿ ಅದರ ತರಬೇತುದಾರರಾಗಿದ್ದ ಹ್ವಾನ್ಮಾ ಲಿಯೊ, ಮುಂದೆ ಮ್ಯಾಂಚೆಸ್ಟರ್ ಸಿಟಿಯಲ್ಲಿ ಪೆಪ್ ಗ್ವಾರ್ಡಿಯೋಲಾ ಅವರಿಗೆ ಸಹಾಯಕರಾದರು. ಅದೇ ವರ್ಷ ಬಂದ ಡಾನಿ ಗುಯಿಸಾ, ಹಲವು ಕ್ಲಬ್ಬುಗಳಲ್ಲಿ ನೆಲೆ ಸಿಗದೆ ಅಲೆದಿದ್ದ ಮುಂಚೂಣಿ ಆಟಗಾರ, ಎರಡು ವರ್ಷ ಇಲ್ಲಿ ಗೋಲು ಹೊಡೆದೇ ಹೆಸರು ಮಾಡಿ ಹೆಟಾಫೆ ಸೇರಿದರು, ಅಲ್ಲಿಂದ ಮಯೋರ್ಕಾಕ್ಕೆ ಹೋದರು. 2005-06ರ ಅಂಕಪಟ್ಟಿಯಲ್ಲಿ ಸಿಯುದಾದ್ ಡಿ ಮುರ್ಸಿಯಾ ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಆಗ ಬಡ್ತಿ ಸಿಗುತ್ತಿದ್ದುದು ಮೊದಲ ಮೂರು ತಂಡಗಳಿಗೆ ಮಾತ್ರ. ನಂತರದ ಸ್ಥಾನದವರು ಬಡ್ತಿಗಾಗಿ ತಮ್ಮೊಳಗೆ ಸೆಣಸುವ ಈಗಿನಂಥ ಪ್ಲೇ-ಆಫ್ ಪಂದ್ಯಗಳು ಇರಲಿಲ್ಲ. 2006-07ರಲ್ಲೂ ಅದು ನಾಲ್ಕನೆಯ ಸ್ಥಾನದಲ್ಲೇ ಉಳಿಯಿತು. ಮೇಲಿದ್ದ ವಯಾದೋಲಿದ್, ಅಲ್ಮೇರಿಯಾ ಮತ್ತು ರಿಯಲ್ ಮುರ್ಸಿಯಾ ಮೊದಲ ದರ್ಜೆಗೆ ಏರಿದವು. ಮೂರನೆಯ ಸ್ಥಾನದಲ್ಲಿದ್ದ ತಂಡ ತನ್ನದೇ ಊರಿನದು ಎಂಬುದನ್ನು ಗಮನಿಸಬೇಕು. ಆ ಋತುವಿನ ನಡುವೆ ರಿಯಲ್ ಮುರ್ಸಿಯಾ ನ್ಯೂವಾ ಕೊಂಡೊಮಿನಾ ಎಂಬ ಹೊಸ, ದೊಡ್ಡ ಕ್ರೀಡಾಂಗಣಕ್ಕೆ ತೆರಳಿತ್ತು. ಎಂಟು ವರ್ಷದ ಈ ಕೂಸು ಹಳೆಯ ಅಂಗಳದಲ್ಲಿ, ಮೊದಲ ದರ್ಜೆಗೆ ಒಂದೇ ಸ್ಥಾನದ ಅಂತರದಲ್ಲಿ ನಿಂತಿತ್ತು.

ಇಂಥ ತಂಡವನ್ನು ಆ ಬೇಸಿಗೆಯಲ್ಲಿ ಗ್ರನಾಡಾದ ಉದ್ಯಮಿ ಕಾರ್ಲೋಸ್ ಮಾರ್ಸಾ ಅವರಿಗೆ ಮಾರಲಾಯಿತು. ಮಾರಾಟ ಸಾಧ್ಯವಾದ ಬಗೆಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನಮ್ಮ ವ್ಯವಸ್ಥೆಗೂ ಅದಕ್ಕೂ ಇರುವ ಹೋಲಿಕೆ ಇಲ್ಲಿಯೇ ಇದೆ. ಸ್ಪೇನ್‌ನ ಕ್ಲಬ್ಬುಗಳು ಬಹುಕಾಲ ಸದಸ್ಯರ ಸಂಘಗಳಾಗಿದ್ದವು. ಅಧ್ಯಕ್ಷರನ್ನು ಸದಸ್ಯರೇ ಚುನಾಯಿಸುತ್ತಿದ್ದರು. ಸಾಲ ಬೆಟ್ಟದಷ್ಟು ಬೆಳೆದು ಯಾರೂ ಅದಕ್ಕೆ ಹೊಣೆಯಾಗದ ಸ್ಥಿತಿ ಬಂದಾಗ, 1990ರ ಕ್ರೀಡಾ ಕಾಯಿದೆ ಮೊದಲ ಎರಡು ದರ್ಜೆಗಳಲ್ಲಿ ಆಡುವ ಕ್ಲಬ್ಬುಗಳೆಲ್ಲ ಷೇರು ಬಂಡವಾಳದ ಕ್ರೀಡಾ ಕಂಪನಿಗಳಾಗಬೇಕೆಂದು ವಿಧಿಸಿತು. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಥ್ಲೆಟಿಕ್ ಬಿಲ್ಬಾವ್ ಮತ್ತು ಒಸಾಸುನಾ ಈ ನಾಲ್ಕಕ್ಕೆ ಮಾತ್ರ ವಿನಾಯಿತಿ ದೊರೆಯಿತು. ಕಾಯಿದೆಯ ಉದ್ದೇಶ ಒಳ್ಳೆಯದೇ. ಆದರೆ ಕ್ಲಬ್ ಕಂಪನಿಯಾದ ಮೇಲೆ ಅದರ ಷೇರುಗಳನ್ನು ಕೊಳ್ಳಬಹುದು; ಷೇರು ಕೊಂಡವರು ಕಂಪನಿಯ ಹೆಸರು ಬದಲಿಸಬಹುದು, ನೋಂದಾಯಿತ ಕಚೇರಿಯನ್ನು ಬೇರೆ ಊರಿಗೆ ಒಯ್ಯಬಹುದು; ಲೀಗ್‌ನಲ್ಲಿ ಆಡುವ ಹಕ್ಕು ಆ ಕಂಪನಿಯ ಹೆಸರಿನಲ್ಲಿರುವುದರಿಂದ ಅದೂ ಜೊತೆಯಲ್ಲೇ ಹೋಗುತ್ತದೆ. ತನ್ನ ಹೊಲ ಮಾರಿದವನು ಊರವರೆಲ್ಲ ನೀರು ಸೇದುವ ಬಾವಿಯನ್ನೂ ಕ್ರಯಪತ್ರದಲ್ಲಿ ಸೇರಿಸಿ ಬರೆದುಕೊಟ್ಟ ಹಾಗೆ. ಸಿಯುದಾದ್ ಡಿ ಮುರ್ಸಿಯಾ ಹೀಗೆ ಕಾಗದದ ಮೇಲೆ ಗ್ರನಾಡಾ 74 ಆಯಿತು. ಹೊಸ ಊರು ಹಳೆಯ ಊರಿನಿಂದ ರಸ್ತೆಯಲ್ಲಿ ಸುಮಾರು 280 ಕಿಲೋಮೀಟರ್ ದೂರ, ಬೇರೊಂದು ಸ್ವಾಯತ್ತ ಪ್ರಾಂತವಾದ ಆಂದಲೂಸಿಯಾದಲ್ಲಿ.

ಇದನ್ನು ಕಂಡು ಸುಮ್ಮನಿರಲು ಫಿಫಾಗೂ ಆಗಲಿಲ್ಲ. ಒಂದು ದೇಶದ ಎರಡನೇ ದರ್ಜೆಯ ಲೀಗ್‌ನ ಒಳವ್ಯವಹಾರದ ಬಗ್ಗೆ ವಿಶ್ವ ಸಂಸ್ಥೆ ನೇರವಾಗಿ ಆಕ್ಷೇಪಿಸಿದ್ದು ಅಪರೂಪದ ಸಂಗತಿ. ವಿವಾದ ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದವರೆಗೆ ಹೋಯಿತು. ಆದರೆ ನಿಯಮಾವಳಿಯಲ್ಲಿ ಮೊದಲೇ ಸ್ಪಷ್ಟವಾಗಿ ಬರೆದಿಡದ ನಿಷೇಧವನ್ನು ಋತು ಆರಂಭವಾಗುವ ಹೊತ್ತಿಗೆ ಹೇರುವುದು ಕಷ್ಟ. ಗ್ರನಾಡಾ 74 ತಂಡ 2007-08ರ ಸೆಗುಂದಾ ಡಿವಿಷನ್ನಿನಲ್ಲಿ ಆಡಿಯೇ ಆಡಿತು.

ಆಡಿದ್ದು ಎಲ್ಲಿ? ಗ್ರನಾಡಾದಲ್ಲಿ ಅಲ್ಲ. ಆ ನಗರಕ್ಕೆ ತನ್ನದೇ ಆದ ತಂಡ ಮೊದಲೇ ಇತ್ತು. 1931ರಲ್ಲಿ ಹುಟ್ಟಿದ ಗ್ರನಾಡಾ ಸಿಎಫ್ ಒಂದು ಕಾಲಕ್ಕೆ ಮೊದಲ ದರ್ಜೆಯಲ್ಲಿ ಮೆರೆದದ್ದು, 1976ರಲ್ಲಿ ಅಲ್ಲಿಂದ ಇಳಿದದ್ದು, 2002ರಲ್ಲಿ ಸಂಬಳ ಬಾಕಿಯ ಕಾರಣಕ್ಕೆ ನಾಲ್ಕನೇ ದರ್ಜೆಗೆ ತಳ್ಳಲ್ಪಟ್ಟದ್ದು, 2006ರಲ್ಲಷ್ಟೇ ಮೂರನೇ ದರ್ಜೆಗೆ ಮರಳಿದ್ದು. ಹೀಗೆ ಪ್ರತಿ ಮೆಟ್ಟಿಲನ್ನೂ ನೋವಿನಿಂದ ಹತ್ತುತ್ತಿದ್ದ ತಂಡವನ್ನು ಕೈಬಿಟ್ಟು, ಅದಕ್ಕಿಂತ ಒಂದು ದರ್ಜೆ ಮೇಲಿನ ಸ್ಥಾನವನ್ನು ಹಣ ಕೊಟ್ಟು ತಂದ ತಂಡವನ್ನು ಅಪ್ಪಿಕೊಳ್ಳುವ ಮನಸ್ಸು ನಗರಕ್ಕೆ ಬರಲಿಲ್ಲ. ನಗರಸಭೆಯ ಒಡೆತನದ ನ್ಯೂವೊ ಲೋಸ್ ಕಾರ್ಮೆನೆಸ್ ಕ್ರೀಡಾಂಗಣ ಅದಕ್ಕೆ ಸಿಗಲಿಲ್ಲ. ಕೊನೆಗೆ ತಂಡ ದಕ್ಷಿಣದ ಕಡಲ ತೀರದ ಮೋತ್ರಿಲ್ ಪಟ್ಟಣದ ಅಂಗಳವನ್ನು ತವರು ಮಾಡಿಕೊಂಡಿತು. ಎಂದರೆ ಮುರ್ಸಿಯಾದ ಅರ್ಹತೆ, ಗ್ರನಾಡಾದ ಹೆಸರು, ಮೋತ್ರಿಲ್‌ನ ಹುಲ್ಲು. ಮೂರೂ ಊರುಗಳಲ್ಲಿ ಅದನ್ನು ನಮ್ಮದು ಎನ್ನುವವರನ್ನು ಹುಡುಕಬೇಕಾದ ಸ್ಥಿತಿ.

ಫಲಿತಾಂಶದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಹಿಂದಿನ ವರ್ಷ ನಾಲ್ಕನೆಯ ಸ್ಥಾನದಲ್ಲಿದ್ದ ಕಂಪನಿ 2008ರ ಜೂನ್‌ನಲ್ಲಿ ಸೆಗುಂದಾದಿಂದ ಕೆಳಗೆ ಬಿತ್ತು, ಮರುವರ್ಷ ಮೂರನೇ ದರ್ಜೆಯಿಂದಲೂ ಇಳಿಯಿತು, ಅಲ್ಲಿಗೆ ಅದರ ಕಥೆ ಮುಗಿಯಿತು. ಮೊದಲ ಹಿಂಬಡ್ತಿಯ ತಿಂಗಳಲ್ಲೇ ಡಾನಿ ಗುಯಿಸಾ ಸ್ಪೇನ್ ಪರವಾಗಿ ಯೂರೊ ಕಪ್ ಆಡುತ್ತಿದ್ದರು. ಮಯೋರ್ಕಾ ಪರ 27 ಗೋಲು ಹೊಡೆದು ಸ್ಪೇನ್‌ನ ಮೊದಲ ದರ್ಜೆಯಾದ ಲಾ ಲಿಗಾದಲ್ಲಿ ಆ ವರ್ಷ ಅಗ್ರ ಗೋಲುದಾರರಾಗಿ ಬಂದಿದ್ದ ಅವರು ಸೆಮಿಫೈನಲ್‌ನಲ್ಲಿ ರಷ್ಯಾ ವಿರುದ್ಧವೂ ಗೋಲು ಹೊಡೆದರು, ದೇಶ ಕಪ್ ಗೆದ್ದಿತು. ಆ ಆಟಗಾರ ತನ್ನ ಕಾಲು ಕಂಡುಕೊಂಡ ಕ್ಲಬ್ ಆ ಹೊತ್ತಿಗೆ ಇರಲೇ ಇಲ್ಲ.

ಗ್ರನಾಡಾದ ಕಡೆಯ ಕಥೆಗೆ ಒಂದು ವಿಚಿತ್ರ ಬಾಲವಿದೆ. 2009ರಲ್ಲಿ ಸಾಲದಲ್ಲಿ ಮುಳುಗಿ ಇನ್ನೇನು ಮುಚ್ಚಬೇಕಿದ್ದ ಹಳೆಯ ಗ್ರನಾಡಾ ಸಿಎಫ್ ಅನ್ನು ಉಳಿಸಲು ಬಂದವರು ಬೇರೆ ಯಾರೂ ಅಲ್ಲ, ಮುರ್ಸಿಯಾದ ಸ್ಥಾನವನ್ನು ಮಾರಿದ್ದ ಅದೇ ಕಿಕೆ ಪಿನಾ. ಇಟಲಿಯ ಉದಿನೇಸೆ ಕ್ಲಬ್ಬಿನ ಮಾಲೀಕರಾದ ಪೊಝ್ಝೊ ಕುಟುಂಬದ ಬಂಡವಾಳ ಮತ್ತು ಎರವಲು ಆಟಗಾರರ ಬಲದಿಂದ ತಂಡ 2010ರಲ್ಲಿ ಎರಡನೇ ದರ್ಜೆಗೆ, 2011ರಲ್ಲಿ ಮೊದಲ ದರ್ಜೆಗೆ ಏರಿ 35 ವರ್ಷಗಳ ವನವಾಸವನ್ನು ಮುಗಿಸಿತು. ಈ ಯಶಸ್ಸಿನ ಹಿಂದಿನ ಹಣಕಾಸಿನ ಬಗೆಯನ್ನು ಮೆಚ್ಚಬೇಕೋ ಬೇಡವೋ ಎಂಬುದು ಬೇರೆ ಪ್ರಶ್ನೆ. ನಾನು ಹೇಳಬೇಕಾದ್ದು ಇಷ್ಟೇ: ಒಂದೇ ನಗರಕ್ಕೆ ಎರಡು ದಾರಿಯಿಂದ ಉನ್ನತ ಫುಟ್‌ಬಾಲ್ ತರಲು ಯತ್ನಿಸಲಾಯಿತು, ಕೊಂಡು ತಂದ ಸ್ಥಾನ ಎರಡು ವರ್ಷದಲ್ಲಿ ಕರಗಿತು, ಊರಿನದೇ ತಂಡಕ್ಕೆ ಹಾಕಿದ ಹಣ ಎರಡು ವರ್ಷದಲ್ಲಿ ಮೊದಲ ದರ್ಜೆ ಮುಟ್ಟಿತು. ಹಣ ಹೂಡುವವರು ಕೆಟ್ಟವರು ಎಂಬುದು ನನ್ನ ವಾದವಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಇನ್ನು ಮುರ್ಸಿಯಾದಲ್ಲಿ ಉಳಿದವರು. ಪ್ರೇಕ್ಷಕರೇ ಇಲ್ಲದ ತಂಡ, ಹೋದರೆ ನಷ್ಟವೇನು ಎಂದು ಅಂದು ಕೇಳಿದವರಿಗೆ ಅವರು ಮೂರು ವರ್ಷದ ನಂತರ ಉತ್ತರ ಕೊಟ್ಟರು. 2010ರಲ್ಲಿ ಅಭಿಮಾನಿಗಳು ಕೂಡಿ ಜನರ ಷೇರಿನ ಕ್ಲಬ್ ಎಂಬ ಅರ್ಥದ ಮೊದಲಕ್ಷರಗಳನ್ನು ಮುಂದಿಟ್ಟುಕೊಂಡು ಸಿಎಪಿ ಸಿಯುದಾದ್ ಡಿ ಮುರ್ಸಿಯಾ ಎಂಬ ಕ್ಲಬ್ ಕಟ್ಟಿ, ಪ್ರಾದೇಶಿಕ ಲೀಗ್‌ನ ತಳದಿಂದ ಆಟ ಶುರುಮಾಡಿದರು. ಯಾವ ಒಬ್ಬನೂ ಮಾರಲಾಗದಂತೆ ಅದರ ಒಡೆತನವನ್ನು ಹಂಚಿದರು. ನಿರ್ಧಾರ ಸದಸ್ಯರ ಮತದ್ದು. ಎಂಟು ವರ್ಷವಷ್ಟೇ ಬಾಳಿದ, ಒಬ್ಬ ವ್ಯಕ್ತಿ ತನ್ನ ಯೋಜನೆಯಾಗಿ ಕಟ್ಟಿದ, ಊರಿನ ಎರಡನೇ ತಂಡಕ್ಕಾಗಿ ಜನ ಇಷ್ಟು ಮಾಡಿದರು. ಕ್ಲಬ್ಬಿನ ಹಳಮೆಗೂ ಅದರ ಮೇಲಿನ ಪ್ರೀತಿಗೂ ನೇರ ಸಂಬಂಧವಿಲ್ಲ ಎಂಬುದು ನಮ್ಮ ಲೀಗ್‌ಗಳ ಎಲ್ಲ ಎಳೆಯ ತಂಡಗಳಿಗೂ ಅನ್ವಯಿಸುತ್ತದೆ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದ್ದು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹಾಡುವವರ ಮುಂದೆ ಹೋಗಿ ಈ ತಂಡಕ್ಕೆ ಚರಿತ್ರೆ ಸಾಲದು ಎಂದು ಯಾರೂ ಹೇಳಲಾರರು.

ಇಲ್ಲಿ ಎದುರು ವಾದವನ್ನೂ ಕೇಳಬೇಕು. ನಷ್ಟದಲ್ಲಿರುವ ಮಾಲೀಕನನ್ನು ಒಂದೇ ಊರಿಗೆ ಕಟ್ಟಿಹಾಕಿದರೆ ತಂಡ ಮುಚ್ಚುತ್ತದೆ, ಆಟಗಾರರ ಸಂಬಳ ನಿಲ್ಲುತ್ತದೆ, ಅದಕ್ಕಿಂತ ಬೇರೆ ಊರಿನಲ್ಲಾದರೂ ಉಳಿಯಲಿ ಎಂಬುದು ಆ ವಾದ. ಹೈದರಾಬಾದಿನಲ್ಲಿ ಸಂಬಳದ ಬಾಕಿ, ಆಟಗಾರರ ವಲಸೆ, ಮಾಲೀಕತ್ವದ ಬದಲಾವಣೆ ಎಲ್ಲವೂ ಆಗಿದ್ದವು ಎಂಬುದನ್ನು ನಾನು ಮರೆತಿಲ್ಲ. ಆದರೆ ಈ ವಾದದಲ್ಲಿ ಎರಡು ಸಂಗತಿಗಳು ಒಂದಾಗಿ ಕಲಸಿಹೋಗಿವೆ. ಮಾಲೀಕ ತನ್ನ ಹಣದೊಂದಿಗೆ ಬೇರೆ ಊರಿಗೆ ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ; ಅಲ್ಲಿ ಹೊಸ ಕ್ಲಬ್ ಕಟ್ಟಲಿ, ಇರುವ ಕ್ಲಬ್ಬನ್ನು ಕೊಳ್ಳಲಿ, ಆಟಗಾರರನ್ನೂ ಒಪ್ಪಂದದ ಪ್ರಕಾರ ಕರೆದೊಯ್ಯಲಿ. ಆದರೆ ಲೀಗ್‌ನ ಸ್ಥಾನ ಒಂದು ಊರಿನ ಅಂಗಳದಲ್ಲಿ ಗಳಿಸಿದ್ದು, ಆ ಊರಿನ ಹೆಸರಿನಲ್ಲಿ ಪಡೆದದ್ದು. ಅದನ್ನು ಸಾಮಾನಿನ ಪಟ್ಟಿಯಲ್ಲಿ ಸೇರಿಸಿ ಲಾರಿಗೆ ಹೇರುವ ಅಧಿಕಾರ ಮಾತ್ರ ಪ್ರಶ್ನಾರ್ಹ. ನಮ್ಮಲ್ಲಿ ಆ ಸ್ಥಾನವನ್ನು ಬಹುಪಾಲು ತಂಡಗಳು ಕೆಳಗಿನ ದರ್ಜೆಯಿಂದ ಗೆದ್ದು ಬರಲಿಲ್ಲ, ಫ್ರಾಂಚೈಸಿ ಶುಲ್ಕ ಕಟ್ಟಿ ಪಡೆದವು ಎಂದು ಯಾರಾದರೂ ನೆನಪಿಸಬಹುದು. ನಿಜ. ಅದಕ್ಕಾಗಿಯೇ ನಿಯಮ ಇನ್ನಷ್ಟು ಬಿಗಿಯಾಗಿರಬೇಕು ಎನ್ನುತ್ತೇನೆ: 2023ರಲ್ಲಿ, ಸೂಪರ್ ಲೀಗ್‌ಗಿಂತ ಕೆಳಗಿನ ದರ್ಜೆಯಾದ ಐ-ಲೀಗ್ ಗೆದ್ದ ಪಂಜಾಬ್ ತಂಡ ಬಡ್ತಿ ಪಡೆದು ಸೂಪರ್ ಲೀಗ್‌ಗೆ ಬಂದ ಮೇಲೆ, ಅಂಗಳದಲ್ಲಿ ಗೆದ್ದು ಏರುವ ದಾರಿ ನಮ್ಮಲ್ಲೂ ತೆರೆದಿದೆ. ಒಬ್ಬರು ಗೆದ್ದು ಏರುವ ಮೆಟ್ಟಿಲನ್ನು ಇನ್ನೊಬ್ಬರು ಕೊಂಡು ಏರುವಂತಿದ್ದರೆ, ಕೆಳಗಿನ ಲೀಗ್‌ಗಳಲ್ಲಿ ಆಡುವವರಿಗೆ ನಾವು ಏನು ಹೇಳಿದಂತಾಯಿತು?

ಫಿಫಾ ಈ ಪ್ರಶ್ನೆಗೆ 2008ರಲ್ಲೇ, ಅಂದರೆ ಗ್ರನಾಡಾ 74 ಆಡುತ್ತಿದ್ದ ಋತುವಿನಲ್ಲೇ, ಉತ್ತರ ಬರೆದಿದೆ. ದೇಶೀಯ ಲೀಗ್‌ನಲ್ಲಿ ಆಡುವ ಅರ್ಹತೆ ಮುಖ್ಯವಾಗಿ ಅಂಗಳದ ಸಾಧನೆಯನ್ನು ಅವಲಂಬಿಸಿರಬೇಕು. ಸ್ಪರ್ಧೆಯ ನ್ಯಾಯಕ್ಕೆ ಧಕ್ಕೆ ತರುವ ರೀತಿಯಲ್ಲಿ, ಅರ್ಹತೆಯನ್ನೋ ಪರವಾನಗಿಯನ್ನೋ ದೊರಕಿಸಿಕೊಳ್ಳುವ ಸಲುವಾಗಿ ಕ್ಲಬ್ಬಿನ ಕಾನೂನು ಸ್ವರೂಪ ಅಥವಾ ಕಂಪನಿಯ ರಚನೆಯನ್ನು ಬದಲಿಸುವುದು ನಿಷಿದ್ಧ. ಕೇಂದ್ರ ಸ್ಥಾನ ಬದಲಿಸುವುದು, ಹೆಸರು ಬದಲಿಸುವುದು, ಕ್ಲಬ್‌ಗಳ ನಡುವೆ ಒಡೆತನ ವರ್ಗಾಯಿಸುವುದು ಇದಕ್ಕೆ ಉದಾಹರಣೆಗಳು ಎಂದು ಅದರ ನಿಯಮಾವಳಿಯಲ್ಲಿದೆ. ಮುರ್ಸಿಯಾದವರಿಗೆ ಇದು ಒಂದು ವರ್ಷ ತಡವಾಗಿ ಬಂತು. ಹಿಂಬಡ್ತಿ ಇಲ್ಲದ ಲೀಗ್‌ಗೆ ಈ ವಿಧಿ ಎಷ್ಟರಮಟ್ಟಿಗೆ ತಾಗುತ್ತದೆ ಎಂದು ವಕೀಲರು ವಾದಿಸಬಹುದು. ಆ ಸಂದಿನಲ್ಲಿ ನುಸುಳದಂತೆ ನಮ್ಮದೇ ಪರವಾನಗಿ ನಿಯಮದಲ್ಲಿ ಬರೆದಿಡುವುದು ತಮ್ಮ ಕೈಯಲ್ಲಿದೆ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಕ್ಲಬ್ಬಿನ ತವರು ನಗರವನ್ನು ಪರವಾನಗಿಯ ಭಾಗವಾಗಿಯೇ ನಮೂದಿಸಬೇಕು. ಮಾಲೀಕರು ನಗರ ತೊರೆಯಬಯಸಿದರೆ ಪರವಾನಗಿ ಫೆಡರೇಷನ್ನಿಗೆ ಮರಳಬೇಕೇ ಹೊರತು ಅವರೊಡನೆ ಪ್ರಯಾಣಿಸಬಾರದು. ಮರಳಿದ ಸ್ಥಾನವನ್ನು ಮೊದಲು ಅದೇ ಊರಿನಲ್ಲಿ ಮುಂದುವರಿಸಬಲ್ಲವರಿಗೆ, ಅಭಿಮಾನಿಗಳ ಸಂಘಕ್ಕೂ ಸೇರಿಸಿ, ನೀಡಲು ಒಂದು ಕಾಲಾವಕಾಶ ಇಡಬೇಕು. ಯಾರೂ ಮುಂದೆ ಬರದಿದ್ದರೆ ಕೆಳಗಿನ ಲೀಗ್‌ನಿಂದ ಗೆದ್ದು ಬಂದ ತಂಡಕ್ಕೆ ಅದು ಸಲ್ಲಬೇಕು. ಹೊಸ ಊರಿಗೆ ಹೋದ ಮಾಲೀಕರ ತಂಡ ಆ ರಾಜ್ಯದ ಲೀಗ್‌ನಿಂದ ಆರಂಭಿಸಲಿ. ಇನ್ನೊಂದು ಸಣ್ಣ ವಿಷಯ, ಆದರೆ ನನಗೆ ಮುಖ್ಯವಾದದ್ದು: ಮುಚ್ಚಿದ ಕ್ಲಬ್ಬಿನ ಹೆಸರು, ಲಾಂಛನ ಮತ್ತು ದಾಖಲೆಗಳು ಊರಿನವರಿಗೆ ಉಳಿಯಬೇಕು. ಹೈದರಾಬಾದ್ 2022ರಲ್ಲಿ ಗೆದ್ದ ಟ್ರೋಫಿ ದೆಹಲಿಯ ತಂಡದ ಸಾಧನೆಗಳ ಪಟ್ಟಿಯಲ್ಲಿ ಕಾಣಿಸಿಕೊಂಡರೆ ಅದು ಎರಡೂ ಊರುಗಳಿಗೆ ಮಾಡುವ ಅವಮಾನ.

ಸ್ಪೇನ್ ತನ್ನ 1990ರ ಕಾಯಿದೆಯನ್ನು ಕೊನೆಗೂ ಮರುಪರಿಶೀಲಿಸಿ, 2022ರ ಹೊಸ ಕ್ರೀಡಾ ಕಾಯಿದೆಯಲ್ಲಿ ಕಂಪನಿಯಾಗಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟಿದೆ. ಅವರಿಗೆ ಅದಕ್ಕೆ ಮೂರು ದಶಕ ಹಿಡಿಯಿತು. ನಮ್ಮ ರಾಷ್ಟ್ರೀಯ ಲೀಗ್‌ಗಳ ರಚನೆಯೇ ಈಗ ಚರ್ಚೆಯಲ್ಲಿರುವುದರಿಂದ, ಮುಂದಿನ ಪರವಾನಗಿ ಪ್ರಕ್ರಿಯೆ ಆರಂಭವಾಗುವ ಮುನ್ನ ತವರು ನಗರದ ವಿಧಿಯನ್ನು ಸೇರಿಸಲು ಸಾಧ್ಯವೇ ಇಲ್ಲವೇ ಎಂಬುದನ್ನು ಬಹಿರಂಗವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ. ಇಲ್ಲವೆಂದಾದರೆ ಕಾರಣಗಳನ್ನೂ ತಿಳಿಸಿ. ಉತ್ತರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬಂದರೂ ಚಿಂತೆಯಿಲ್ಲ. ಅದನ್ನು ಕನ್ನಡಕ್ಕೆ ತಂದು ಇಲ್ಲಿಯ ಅಭಿಮಾನಿಗಳಿಗೆ ತಲುಪಿಸುವ ಕೆಲಸ ನಮ್ಮದು.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಪ್ರೇಕ್ಷಕ